ಫಾರಂ ಹಂಚುವ ಮುಂಚೆ ಒಂದು ಮಾತು

ಆ ಪ್ರಶ್ನಾವಳಿಯ ಕಟ್ಟನ್ನು ಒಂದು ಗಳಿಗೆ ಮೇಜಿನ ಮೇಲಿಡಿ. ಅದೇನೂ ಓಡಿಹೋಗುವುದಿಲ್ಲ. ‘ಗಣಿತದ ಬಗ್ಗೆ ಪದವಿ ವಿದ್ಯಾರ್ಥಿಗಳ ಮನೋಭಾವ’ ಅಂತ ವಿಷಯ ಆರಿಸಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಕಾಲೇಜಿನಿಂದ ಕಾಲೇಜಿಗೆ ಬಸ್ಸು ಹತ್ತುವ ಎಂ.ಇಡಿ., ಪಿಎಚ್.ಡಿ.ಯವರಿಗೂ, ‘ಈ ಹುಡುಗರಿಗೆ ಲೆಕ್ಕ ಅಂದ್ರೆ ಯಾಕಿಷ್ಟು ಅಲರ್ಜಿ’ ಅಂತ ಸ್ಟಾಫ್ ರೂಮಿನಲ್ಲಿ ತಲೆ ಕೆಡಿಸಿಕೊಳ್ಳುವ ಗಣಿತದ ಮೇಷ್ಟ್ರಿಗೂ, ಮೇಡಮ್ಮನವರಿಗೂ ಸೇರಿಸಿಯೇ ಈ ಮಾತು. ನೀವು ಹೊರಟಿರುವುದು ಒಳ್ಳೆಯ ಕೆಲಸಕ್ಕೆ. ಒಳ್ಳೆಯ ಕೆಲಸವನ್ನೇ ಅರೆಬರೆ ಮಾಡಿ ಬಿಡುವ ಚಾಳಿ ನಮ್ಮಲ್ಲಿ ಹೆಚ್ಚು. ಅದಕ್ಕೇ ಮುಂಚಿತವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಂಕಪಟ್ಟಿ ಇರುವಾಗ ಮನಸ್ಸನ್ನು ಬೇರೆ ಯಾಕೆ ಅಳೆಯಬೇಕು ಅಂತ ಕೇಳುವವರಿದ್ದಾರೆ. ಉಬ್ರಾಣಿ ಹೋಬಳಿಯ ಯಾವುದಾದರೂ ಹಳ್ಳಿಯ ಹುಡುಗಿಯೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಿ. ತೋಟಕ್ಕೆ ಚೇಣಿಯವರು ಬಂದು ಕೂತಾಗ ಅಪ್ಪ ಕರೆಯುವುದು ಅವಳನ್ನೇ. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಎಷ್ಟು ಕೆಜಿ ಒಣಗಿದ್ದು ಇಳಿಯುತ್ತದೆ, ಇವತ್ತಿನ ರಾಶಿ ರೇಟಿಗೆ ಅದು ಎಷ್ಟಾಯಿತು, ಸುಲಿಯುವ, ಬೇಯಿಸುವ ಕೂಲಿ ಕಳೆದರೆ ಕೈಗೆ ಉಳಿಯುವುದೆಷ್ಟು ಎಂದು ಒಲೆಯ ಮುಂದೆ ನಿಂತೇ ಹೇಳುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲೇ ಸಮಾಂತರ ಶ್ರೇಢಿ, ವರ್ಗ ಸಮೀಕರಣ, ತ್ರಿಕೋನಮಿತಿ ಕಲಿತು ಪಾಸಾಗಿದ್ದಾಳೆ. ಪಿಯುಸಿಯಲ್ಲಿ ಸೈನ್ಸ್ ಹಿಡಿದ ದಿನವೇ ಪುಸ್ತಕ ಪೂರ್ತಿ ಇಂಗ್ಲಿಷ್ ಆಯಿತು. ಗೊತ್ತಿದ್ದ ಲೆಕ್ಕವೇ ಗುರುತು ಸಿಗದ ಹಾಗೆ ಎದುರಿಗೆ ಬಂದು ನಿಂತಿತು. ಪದವಿಗೆ ಬರುವ ಹೊತ್ತಿಗೆ ಅವಳು ಹಿಂದಿನ ಬೆಂಚಿನವಳು. ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂತು ಅನ್ನಿ. ಅವಳಿಗೆ ಲೆಕ್ಕ ಬರಲಿಲ್ಲವೋ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಲಿಲ್ಲವೋ, ಡೌಟು ಕೇಳಲು ನಾಚಿಕೆಯಾಯಿತೋ, ಬೆಳಗಿನ ಬಸ್ಸು ತಡವಾಗಿ ವಾರಕ್ಕೆ ಮೂರು ಫಸ್ಟ್ ಪೀರಿಯಡ್ ತಪ್ಪಿತೋ, ಆ ಅಂಕದಿಂದ ನಿಮಗೆ ಗೊತ್ತಾಗುತ್ತದೆಯೇ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ ಎಷ್ಟೋ ಮಕ್ಕಳಲ್ಲಿ ಇಂಗ್ಲಿಷಿನ ಮೇಲಿನ ಕೋಪ ಗಣಿತದ ಮೇಲೆ ತಿರುಗಿರುತ್ತದೆ. ನಿಮ್ಮ ಫಾರಂ ಈ ಎರಡನ್ನೂ ಬಿಡಿಸಿ ತೋರಿಸಬೇಕು. ತೋರಿಸದಿದ್ದರೆ ಆ ಫಾರಂ ಹಂಚುವ ಶ್ರಮ ಯಾಕೆ?

ಹಾಗಂತ ಲೆಕ್ಕದ ಅಂಜಿಕೆ ನಮ್ಮ ಸೀಮೆಯ ಮಕ್ಕಳಿಗೆ ಮಾತ್ರ ಅಂಟಿದ ರೋಗ ಅಂದುಕೊಳ್ಳಬೇಡಿ. 2012ರ ಪೀಸಾ ಸಮೀಕ್ಷೆಯಲ್ಲಿ ಮುಂದುವರಿದ ದೇಶಗಳ 15 ವರ್ಷದ ಮಕ್ಕಳನ್ನು ಕೇಳಿದಾಗ, ಗಣಿತದ ತರಗತಿ ತಮಗೆ ಕಷ್ಟವಾದೀತು ಎಂಬ ಚಿಂತೆ ಆಗಾಗ ಕಾಡುತ್ತದೆ ಅಂದವರು ಸರಾಸರಿ ನೂರಕ್ಕೆ 59 ಮಂದಿ. ದೂರದ ಬೆಟ್ಟ ನುಣ್ಣಗೆ.

ಈಗ ಮೊದಲನೆಯ ಬುದ್ಧಿಮಾತು. ನೀವು ಅಳೆಯಹೊರಟಿರುವ ವಸ್ತು ಒಂದಲ್ಲ, ಎರಡು. ಗಣಿತದ ಬಗ್ಗೆ ಮನಸ್ಸು ಹೇಗಿದೆ ಅನ್ನುವುದು ಒಂದು. ಗಣಿತದ ತರಗತಿಯಲ್ಲಿ ‘ನಾನೂ ಇಲ್ಲಿಯವಳು’ ಅನ್ನಿಸುತ್ತದೆಯೇ ಅನ್ನುವುದು ಇನ್ನೊಂದು. ಲೆಕ್ಕ ಪ್ರೀತಿಸುವ, ಒಳ್ಳೆಯ ಅಂಕವನ್ನೂ ತೆಗೆಯುವ ಹುಡುಗಿ ಆ ತರಗತಿಯಲ್ಲಿ ಪರಕೀಯಳಂತೆ ಕೂತಿರಬಹುದು. ಲೆಕ್ಕದಲ್ಲಿ ಅಷ್ಟಕ್ಕಷ್ಟೇ ಆದ ಹುಡುಗ ಅದೇ ತರಗತಿಯಲ್ಲಿ ಮನೆಯಲ್ಲಿದ್ದ ಹಾಗೆ ಆರಾಮಾಗಿರಬಹುದು. ಮುಂದೆ ಎಂ.ಎಸ್ಸಿ. ಗಣಿತಕ್ಕೆ ಅರ್ಜಿ ಹಾಕುವುದು ಯಾರು, ಬಿಟ್ಟುಬಿಡುವುದು ಯಾರು ಎಂಬುದರಲ್ಲಿ ಈ ಎರಡನೆಯದಕ್ಕೂ ದೊಡ್ಡ ಪಾಲಿದೆ. ಎರಡನ್ನೂ ಒಂದೇ ಮೊತ್ತಕ್ಕೆ ಕೂಡಿ ‘ಮನೋಭಾವ 62’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ.

ಈ ದಾರಿಯಲ್ಲಿ ಮೊದಲು ನಡೆದವರನ್ನು ತಿಳಿದುಕೊಂಡು ಹೊರಡಿ. ಮನೋಭಾವವನ್ನು ಅಳೆಯಬಹುದು ಅಂತ 1928ರಲ್ಲೇ ಥರ್‌ಸ್ಟನ್ ವಾದಿಸಿದರು. ‘ಪೂರ್ತಿ ಒಪ್ಪುತ್ತೇನೆ’ ಇಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ತನಕ ಐದು ಮೆಟ್ಟಿಲು ಇಡುತ್ತೀರಲ್ಲ, ಅದು 1932ರಲ್ಲಿ ಲಿಕರ್ಟ್ ಕೊಟ್ಟದ್ದು. ಗಣಿತಕ್ಕೆಂದೇ ಎಲಿಜಬೆತ್ ಫೆನ್ನೆಮಾ ಮತ್ತು ಜೂಲಿಯಾ ಶೆರ್ಮನ್ 1976ರಲ್ಲಿ ಒಂಬತ್ತು ಮಾಪನಿಗಳನ್ನು ಮಾಡಿದರು. ಒಂದೊಂದರಲ್ಲಿ 12 ಹೇಳಿಕೆ, ಅರ್ಧ ಹೌದೆನ್ನುವಂಥವು, ಅರ್ಧ ಅಲ್ಲವೆನ್ನುವಂಥವು. ಮಾರ್ತಾ ಟಾಪಿಯಾ ಮತ್ತು ಜಾರ್ಜ್ ಮಾರ್ಷ್ 2004ರಲ್ಲಿ ಪ್ರಕಟಿಸಿದ 40 ಹೇಳಿಕೆಗಳ ಮಾಪನಿ ಆತ್ಮವಿಶ್ವಾಸ, ಉಪಯೋಗ, ಖುಷಿ, ಉತ್ಸಾಹ ಅಂತ ನಾಲ್ಕು ಭಾಗ ಮಾಡುತ್ತದೆ. ನಮ್ಮವಳು–ನಮ್ಮವನು ಎಂಬ ಭಾವಕ್ಕೆ ಕ್ಯಾಥರೀನ್ ಗುಡ್, ಅನೀತಾ ರತ್ತನ್, ಕ್ಯಾರಲ್ ಡ್ವೆಕ್ 2012ರಲ್ಲಿ ಪ್ರಕಟಿಸಿದ ಮಾಪನಿ ಇದೆ. ಗುಂಪಿನಲ್ಲಿ ನಾನೂ ಒಬ್ಬಳೇ, ನನ್ನನ್ನು ಇವರು ಒಪ್ಪುತ್ತಾರೆಯೇ, ಇಲ್ಲಿ ನೆಮ್ಮದಿಯೇ, ಮೇಷ್ಟ್ರ ಮೇಲೆ ನಂಬಿಕೆಯಿದೆಯೇ, ಕಾಣದ ಹಾಗೆ ಮರೆಯಾಗಿಬಿಡಬೇಕು ಅನ್ನಿಸುತ್ತದೆಯೇ: ಈ ಐದು ಕಡೆಯಿಂದ ಅದು ನೋಡುತ್ತದೆ. ಅವರು ಕಂಡದ್ದು ಏನು ಗೊತ್ತೇ? ‘ಗಣಿತ ಹುಟ್ಟಿನಿಂದ ಬರಬೇಕು’, ‘ಗಣಿತ ಹುಡುಗರ ವಿಷಯ’ ಎಂಬ ಗಾಳಿ ತುಂಬಿದ ತರಗತಿಯಲ್ಲಿ ಹುಡುಗಿಯರ ಈ ಭಾವ ಕುಸಿಯುತ್ತಾ ಹೋಗುತ್ತದೆ. ಅಭ್ಯಾಸದಿಂದ ಬರುತ್ತದೆ ಎಂಬ ಮಾತು ಇರುವಲ್ಲಿ ಅವರು ಗಟ್ಟಿಯಾಗಿ ನಿಲ್ಲುತ್ತಾರೆ. ಸ್ಟಾಫ್ ರೂಮಿನಲ್ಲಿ ‘ಇದಕ್ಕೆಲ್ಲ ತಲೆ ಬೇಕ್ರೀ’ ಅಂತ ಗಟ್ಟಿಯಾಗಿ ಹೇಳುವವರು ಇದನ್ನು ಎರಡು ಸಲ ಓದಲಿ.

ಫೆನ್ನೆಮಾ–ಶೆರ್ಮನ್ ಮಾಪನಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅಮ್ಮನಿಗೆ ಒಂದು, ಅಪ್ಪನಿಗೆ ಒಂದು ಇರುವುದು. ಮಗಳ ಲೆಕ್ಕದ ಬಗ್ಗೆ ಅಮ್ಮ ಏನನ್ನುತ್ತಾಳೆ, ಅಪ್ಪ ಏನನ್ನುತ್ತಾನೆ ಅಂತ ಅವು ಮಕ್ಕಳನ್ನೇ ಕೇಳುತ್ತವೆ. ನಮ್ಮಲ್ಲಿ ಇದನ್ನು ಬಿಡಲೇಬೇಡಿ. ‘ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಹತ್ತಿಲ್ಲ’ ಅಂತ ಮಕ್ಕಳ ಮುಂದೆ ಹೆಮ್ಮೆಯಿಂದ ಹೇಳುವ ಮನೆಗಳು ಊರಿಗೆ ಹತ್ತಿವೆ. ಅದೇ ಮನೆಯವರು ಸಂಘದ ಸಾಲದ ಬಡ್ಡಿ, ತುಮ್‌ಕೋಸ್ ಅಡಿಕೆ ಸೊಸೈಟಿಯ ಪಟ್ಟಿಯ ಮೊತ್ತವನ್ನು ಪೈಸೆ ತಪ್ಪದೆ ಲೆಕ್ಕ ಹಾಕುತ್ತಾರೆ. ಹಿತ್ತಲ ಗಿಡ ಮದ್ದಲ್ಲ. ಮನೆಯಲ್ಲಿ ನಡೆಯುವುದೂ ಗಣಿತವೇ ಅಂತ ಮಕ್ಕಳಿಗೆ ಯಾರೂ ಹೇಳಿಲ್ಲ.

ಇಷ್ಟು ಹೇಳಿದೆನೆಂದು ಆ ವಿದೇಶಿ ಮಾಪನಿಗಳನ್ನು ಹಾಗೇ ಜೆರಾಕ್ಸ್ ಮಾಡಿಸಿ ಹಂಚಿಬಿಡಬೇಡಿ. ಇಂಗ್ಲಿಷಿನಲ್ಲೇ ಕೊಟ್ಟರೆ ಮಕ್ಕಳು ಗಣಿತಕ್ಕೆ ಅಂಜುತ್ತಾರೋ ಇಂಗ್ಲಿಷಿಗೋ ಅಂತ ಹುಡುಕಹೊರಟ ನೀವೇ ಇಂಗ್ಲಿಷಿನ ಗೋಡೆ ಕಟ್ಟಿದ ಹಾಗಾಯಿತು. ಫೋನಿನಲ್ಲಿ ಹಾಕಿ ಕನ್ನಡ ಮಾಡಿಸಿಕೊಂಡು ತರುವವರೂ ಇದ್ದಾರೆ. ಅವರ ಫಾರಂನಲ್ಲಿ ‘ಗಣಿತೀಯ ಸಮುದಾಯದಲ್ಲಿ ನಾನು ಸದಸ್ಯತ್ವದ ಅನುಭೂತಿಯನ್ನು ಹೊಂದಿದ್ದೇನೆ’ ಎಂಬಂಥ ವಾಕ್ಯ ಇರುತ್ತದೆ. ಅದನ್ನು ಓದಿದ ಹುಡುಗ ಪಕ್ಕದವನ ಮುಖ ನೋಡಿ ನಗುತ್ತಾನೆ, ನಡುವಿನ ಮನೆಗೆ ಟಿಕ್ ಹಾಕಿ ಮುಂದೆ ಹೋಗುತ್ತಾನೆ. ‘ಗಣಿತದ ಕ್ಲಾಸಿನಲ್ಲಿ ಕೂತಾಗ ನಾನೂ ಇವರಲ್ಲೊಬ್ಬ ಅನ್ನಿಸುತ್ತದೆ’ ಅಂತ ಬರೆದರೆ ಅವನು ಒಂದು ಕ್ಷಣವಾದರೂ ಯೋಚಿಸುತ್ತಾನೆ. ನೀವು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ. ಎಲ್ಲಿ ಅರ್ಥ ಜಾರಿದೆ ಅಂತ ಆಗ ತಿಳಿಯುತ್ತದೆ. ಮಾಪನಿ ಮಾಡಿದವರ ಅನುಮತಿ ಬೇಕಿದ್ದರೆ ಒಂದು ಮಿಂಚಂಚೆ ಬರೆದು ಕೇಳಿ; ಕೇಳಿದರೆ ಯಾರೂ ಹೊಡೆಯುವುದಿಲ್ಲ.

ಹೇಳಿಕೆ ಬರೆಯುವಾಗ ಕೈ ಹಿಡಿತದಲ್ಲಿರಲಿ. ‘ಗಣಿತ ಸುಲಭ ಮತ್ತು ಉಪಯುಕ್ತ’ ಅಂತ ಒಂದೇ ವಾಕ್ಯದಲ್ಲಿ ಎರಡನ್ನು ತುರುಕಬೇಡಿ. ಉಪಯುಕ್ತ ಹೌದು, ಸುಲಭ ಅಲ್ಲ ಅನ್ನುವವಳು ಎಲ್ಲಿ ಟಿಕ್ ಹಾಕಬೇಕು? ‘ಗಣಿತ ಇಷ್ಟವಿಲ್ಲ ಎಂದು ನನಗೆ ಅನ್ನಿಸುವುದಿಲ್ಲ’ ಎಂಬಂಥ ಗಂಟು ಹಾಕಬೇಡಿ. ‘ಎಲ್ಲರಂತೆ ನನಗೂ ಗಣಿತ ಕಷ್ಟ’ ಅಂತ ಉತ್ತರವನ್ನು ಬಾಯಿಗಿಟ್ಟು ಕೇಳಬೇಡಿ. ‘ಯಾವಾಗಲೂ’, ‘ಎಂದಿಗೂ’ ಎಂಬ ಮಾತುಗಳನ್ನು ಕಂಡರೆ ಹೊಡೆದುಹಾಕಿ. ಮೂರು ಪುಟ, 98 ಹೇಳಿಕೆ ಅಂತ ಹೊರೆ ಹೊರಿಸಲೂ ಬೇಡಿ. ತರಗತಿಯ ಕೆಲಸಕ್ಕೆ ಹದಿನೈದು–ಇಪ್ಪತ್ತು ಹೇಳಿಕೆ ಧಾರಾಳ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಬೇಕು?

ಆಮೇಲೆ, ಅಚ್ಚಿಗೆ ಕೊಡುವ ಮುಂಚೆ ಐದಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಪ್ರತಿ ಹೇಳಿಕೆಯನ್ನೂ ಜೋರಾಗಿ ಓದಿಸಿ. ಓದಿದ ಮೇಲೆ ‘ಇದು ಏನು ಕೇಳುತ್ತಿದೆ ಅಂದುಕೊಂಡೆ’ ಅಂತ ವಿಚಾರಿಸಿ. ‘ಗಣಿತ ನನ್ನ ಮುಂದಿನ ಬದುಕಿಗೆ ಬೇಕು’ ಅಂತ ನೀವು ಬರೆದಿರುತ್ತೀರಿ. ಒಬ್ಬನಿಗೆ ಅದು ಸರ್ಕಾರಿ ಕೆಲಸದ ಪರೀಕ್ಷೆಯ ಮೆಂಟಲ್ ಎಬಿಲಿಟಿ ಅನ್ನಿಸಿದರೆ, ಇನ್ನೊಬ್ಬಳಿಗೆ ಮಕ್ಕಳಿಗೆ ಪಾಠ ಹೇಳಿಕೊಡುವುದು ಅನ್ನಿಸಬಹುದು. ಮತ್ತೊಬ್ಬನಿಗೆ ಬೈಕಿನ ಇಎಂಐ. ನೀವು ಮನಸ್ಸಿನಲ್ಲಿಟ್ಟುಕೊಂಡದ್ದು ಕ್ಯಾಲ್ಕುಲಸ್! ಈ ಒಂದು ಸಂಜೆಯ ಕೆಲಸವನ್ನು ತಪ್ಪಿಸಿದವರು ಆಮೇಲೆ ವರ್ಷವಿಡೀ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ಕೂತು ಒದ್ದಾಡುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಉಪಯೋಗದ ಪ್ರಶ್ನೆ ಬಂತಲ್ಲ, ಅಲ್ಲಿ ನಮ್ಮ ನೆಲದ ನೆನಪನ್ನೂ ಸ್ವಲ್ಪ ಬಳಸಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದಾಗ ಮೊದಲಿಗೇ ಗಣಿತ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಕೊಟ್ಟ. ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವ ವಿದ್ಯೆ ಇರಲಿ, ಅಡುಗೆಯನ್ನೂ ಬಿಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡದಲ್ಲಿ ಗಣಿತ ಕಲಿತ ಮಕ್ಕಳು ಕೀಳರಿಮೆ ಪಡಬೇಕಾದ್ದು ಏನೂ ಇಲ್ಲ ಅನ್ನುವುದಕ್ಕೆ ಇಷ್ಟು ಸಾಕು. ನಿಮ್ಮ ಹೇಳಿಕೆಗಳಲ್ಲಿ ಷೇರು ಮಾರುಕಟ್ಟೆ, ರಾಕೆಟ್ಟು ಮಾತ್ರ ಇದ್ದರೆ ಅದು ಯಾವುದೋ ಊರಿನ ಮಕ್ಕಳಿಗೆ ಬರೆದ ಫಾರಂ. ತೋಟದ ಹನಿ ನೀರಾವರಿಯ ಪೈಪಿನ ಲೆಕ್ಕ, ಜಗಳೂರು ಕಡೆಯ ಮೆಕ್ಕೆಜೋಳದ ಎಕರೆ ಇಳುವರಿ, ಭದ್ರೆಯ ನೀರನ್ನು ಕೆರೆಗಳಿಗೆ ಎತ್ತುವ ಉಬ್ರಾಣಿ ಏತ ನೀರಾವರಿಯ ಪಂಪು: ಇಂಥವು ಒಂದೆರಡು ಬರಲಿ. ಅಡಿಕೆಯ ಲೆಕ್ಕ ಹಾಕುವಾಗ ಧೈರ್ಯ ಎಷ್ಟು, ಬೋರ್ಡಿನ ಮುಂದೆ ನಿಂತಾಗ ಧೈರ್ಯ ಎಷ್ಟು ಅಂತ ಬೇರೆ ಬೇರೆ ಕೇಳಿ ನೋಡಿ. ನಡುವೆ ದೊಡ್ಡ ಅಂತರ ಕಂಡರೆ ತಿದ್ದಬೇಕಾದ್ದು ಬೋರ್ಡಿನ ಕಡೆಯದು.

‘ನಾನೂ ಇಲ್ಲಿಯವಳು’ ಎಂಬ ಭಾವಕ್ಕೆ ಇನ್ನೂ ಹತ್ತಿರ ಹೋಗಿ ಕೇಳಬೇಕು. ದೊಡ್ಡ ಮಾತು ಬೇಡ, ತರಗತಿಯಲ್ಲಿ ದಿನಾ ನಡೆಯುವುದನ್ನೇ ಕೇಳಿ. ಗಣಿತದ ಮೇಷ್ಟ್ರಿಗೆ ನನ್ನ ಹೆಸರು ಗೊತ್ತು. ಡೌಟನ್ನು ಕನ್ನಡದಲ್ಲಿ ಕೇಳಿದರೆ ಯಾರೂ ನಗುವುದಿಲ್ಲ. ನೋಟ್ಸ್ ತಪ್ಪಿದರೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವ ಗೆಳತಿ ನನಗಿದ್ದಾಳೆ. ತಪ್ಪು ಉತ್ತರ ಹೇಳಿದ ಮೇಲೂ ನನ್ನನ್ನು ಮತ್ತೆ ಕೇಳುತ್ತಾರೆ. ಗಣಿತದ ಪೀರಿಯಡ್ಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದುಬಿಟ್ಟರೆ ಸಾಕು ಅನ್ನಿಸುತ್ತದೆ. ಇಂಥ ಐದಾರು ಹೇಳಿಕೆ ಇದ್ದರೆ ನಿಮಗೆ ಬೇಕಾದ್ದು ಸಿಕ್ಕುತ್ತದೆ, ಮಾಡಬೇಕಾದ್ದೂ ಅಲ್ಲೇ ಕಾಣುತ್ತದೆ. ‘ಸೇರಿಕೆಯ ಭಾವ ಸರಾಸರಿ 2.8’ ಅಂತ ಬಂದರೆ ಏನು ಮಾಡುತ್ತೀರಿ? ‘ಮೇಷ್ಟ್ರಿಗೆ ನನ್ನ ಹೆಸರು ಗೊತ್ತಿಲ್ಲ’ ಅಂತ ಬಂದರೆ ನಾಳೆಯೇ ಹೆಸರು ಕಲಿಯಬಹುದು.

ಇನ್ನು ಫಾರಂ ಕೊಡುವ ರೀತಿ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ. ಗಣಿತ ಕಲಿಸುವವರೇ ಫಾರಂ ಹಂಚಿ, ಎದೆಯ ಮೇಲೆ ಕೈ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡುತ್ತೀರಲ್ಲ, ‘ಗಣಿತ ಪಾಠ ಬೇಸರ’ ಅಂತ ಟಿಕ್ ಹಾಕುವ ಧೈರ್ಯ ಯಾವ ಮಗುವಿಗೆ ಬಂದೀತು? ಇಂಟರ್ನಲ್ ಅಂಕ ನಿಮ್ಮ ಕೈಯಲ್ಲಿದೆ. ಬೇರೆ ವಿಭಾಗದವರ ಕೈಗೆ ಕೊಡಿ. ಕನ್ನಡದ ಮೇಡಂ ಆಗಬಹುದು, ಲೈಬ್ರರಿಯವರು ಆಗಬಹುದು. ತುಂಬಿದ ಹಾಳೆಯನ್ನು ಮಡಿಸಿ ಮುಚ್ಚಿದ ಡಬ್ಬಿಗೆ ಹಾಕಲಿ. ಹೆಸರು ಬೇಡ, ರಿಜಿಸ್ಟರ್ ನಂಬರ್ ಬೇಡ. ಗೂಗಲ್ ಫಾರ್ಮ್ ಮಾಡುವುದಾದರೆ ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆ ಆಫ್ ಆಗಿದೆಯೇ ನೋಡಿಕೊಳ್ಳಿ. ‘ಹೆಸರು ಬರೆಯುವುದು ಐಚ್ಛಿಕ’ ಅಂತ ಒಂದು ಖಾಲಿ ಗೆರೆ ಬಿಟ್ಟರೂ ಒಳ್ಳೆಯ ಮಕ್ಕಳು ವಿಧೇಯತೆಯಿಂದ ಬರೆದುಬಿಡುತ್ತಾರೆ, ಆ ಗೆರೆಯನ್ನೇ ತೆಗೆದುಬಿಡಿ. ‘ಇಷ್ಟವಿಲ್ಲದಿದ್ದರೆ ತುಂಬಬೇಡಿ, ಅದರಿಂದ ಅಂಕಕ್ಕೆ ಏನೂ ಆಗುವುದಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಪ್ರಾಂಶುಪಾಲರ ಒಪ್ಪಿಗೆ ಸಿಕ್ಕಿತು ಅಂದರೆ ಮಕ್ಕಳ ಒಪ್ಪಿಗೆ ಸಿಕ್ಕಿತು ಅಂತಲ್ಲ.

ಫಾರಂನ ಮೇಲ್ಭಾಗದಲ್ಲಿ ಕೇಳುವ ವಿವರಗಳಲ್ಲೂ ಹಿಡಿತವಿರಲಿ. ಲಿಂಗ, ಹತ್ತನೇ ತರಗತಿಯ ಮಾಧ್ಯಮ, ಹಾಸ್ಟೆಲ್ಲೋ ಬಸ್ಸೋ: ಇವು ಬೇಕು. ಜಾತಿ ವರ್ಗ, ಅಪ್ಪನ ಆದಾಯ ಎಲ್ಲವನ್ನೂ ಅಭ್ಯಾಸಬಲದಿಂದ ಕೇಳಬೇಡಿ. ಕೇಳಲೇಬೇಕಿದ್ದರೆ ಯಾಕೆ ಅಂತ ಒಂದು ವಾಕ್ಯದಲ್ಲಿ ತಿಳಿಸಿ. ತರಗತಿಯಲ್ಲಿ ಹಾಸ್ಟೆಲ್ಲಿನ ಹುಡುಗಿಯರು ಇಬ್ಬರೇ ಇದ್ದರೆ ಹೆಸರು ಬರೆಸದಿದ್ದರೂ ಯಾರೆಂದು ತಿಳಿದುಹೋಗುತ್ತದೆ. ಅಂಥ ಸಣ್ಣ ಗುಂಪುಗಳ ಉತ್ತರವನ್ನು ಬೇರೆ ಮಾಡಿ ತೋರಿಸಬೇಡಿ.

ಯಾವ ದಿನ ಕೇಳುತ್ತೀರಿ ಅನ್ನುವುದೂ ಮುಖ್ಯ. ಇಂಟರ್ನಲ್ಸ್ ಅಂಕ ನೋಟಿಸ್ ಬೋರ್ಡಿಗೆ ಬಿದ್ದ ದಿನ ಕೇಳಿದರೆ ಸಿಟ್ಟನ್ನು ಅಳೆದ ಹಾಗಾಯಿತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೇಳಿದರೆ ಕೊಟ್ಟಿಗೆಯಲ್ಲಿ ಕೂತು ಸುಲಿಯುತ್ತಿರುವ ಮಕ್ಕಳು ನಿಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಬಹಳ ಜನ ಮರೆಯುವ ಮಾತು ಇದು: ಯಾರಿಗೆ ತರಗತಿಯಲ್ಲಿ ಜಾಗವಿಲ್ಲ ಅನ್ನಿಸಿದೆಯೋ ಅವರೇ ಆ ದಿನ ಬಂದಿರುವುದಿಲ್ಲ. ಬಂದವರನ್ನಷ್ಟೇ ಕೇಳಿ ‘ಎಲ್ಲರೂ ಖುಷಿಯಾಗಿದ್ದಾರೆ’ ಅಂತ ವರದಿ ಬರೆಯುವುದು ಸುಲಭ. ಹಾಜರಾತಿ ಕಡಿಮೆ ಇದ್ದವರಿಗೆ ಇನ್ನೊಂದು ದಿನ, ಮತ್ತೊಂದು ದಿನ ಅವಕಾಶ ಕೊಡಿ. ಗಣಿತ ಬಿಟ್ಟು ಬೇರೆ ಕಾಂಬಿನೇಶನ್ನಿಗೆ ಹೋದವರಿದ್ದರೆ ಹುಡುಕಿ ಹೋಗಿ ಕೇಳಿ. ಅವರ ನಾಲ್ಕು ಹಾಳೆ ಉಳಿದ ನಲವತ್ತಕ್ಕಿಂತ ಹೆಚ್ಚು ಬೆಲೆಯವು.

ನಮ್ಮ ಮಕ್ಕಳಿಗೆ ಫಾರಂ ತುಂಬುವ ಕೆಟ್ಟ ತರಬೇತಿಯೂ ಆಗಿದೆ, ಅದಕ್ಕೆ ನಾವು ದೊಡ್ಡವರೇ ಕಾರಣ. ನ್ಯಾಕ್ ತಂಡ ಬರುವ ಕಾಲಕ್ಕೆ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಬರುತ್ತದೆ. ‘ಎಲ್ಲದಕ್ಕೂ ಎಕ್ಸಲೆಂಟ್ ಹಾಕಿ, ಕಾಲೇಜಿನ ಮರ್ಯಾದೆ ಪ್ರಶ್ನೆ’ ಅಂತ ಪಾಠ ಮಾಡುವವರು ಅಲ್ಲಲ್ಲಿ ಇದ್ದಾರೆ. ಹಾಗೆ ಪಳಗಿದ ಕೈ ನಿಮ್ಮ ಫಾರಂ ಮೇಲೂ ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ಟಿಕ್ ಎಳೆಯುತ್ತದೆ. ಅದಕ್ಕೇ ಹೌದೆನ್ನುವ ಹೇಳಿಕೆಗಳ ನಡುವೆ ಅಲ್ಲವೆನ್ನುವವನ್ನು ಬೆರೆಸಬೇಕು. ‘ಲೆಕ್ಕ ಬಿಡಿಸುವುದು ನನಗೆ ಖುಷಿ’ ಎಂಬುದಕ್ಕೂ 5, ‘ಲೆಕ್ಕ ಕಂಡರೆ ನನಗೆ ಎದೆ ಡವಡವ ಅನ್ನುತ್ತದೆ’ ಎಂಬುದಕ್ಕೂ 5, ನಡುವಿನ ಎಲ್ಲಕ್ಕೂ 5 ಹಾಕಿದ ಹಾಳೆ ಓದದೆ ತುಂಬಿದ್ದು. ಅದನ್ನು ಪಕ್ಕಕ್ಕಿಡಿ, ಎಷ್ಟು ಹಾಳೆ ಹಾಗೆ ಬಂದವು ಅಂತ ವರದಿಯಲ್ಲಿ ಬರೆಯಿರಿ. ಮಗುವನ್ನು ಬೈಯಬೇಡಿ.

ಎಣಿಸುವಾಗ ಅಲ್ಲವೆನ್ನುವ ಹೇಳಿಕೆಗಳ ಅಂಕವನ್ನು ತಿರುಗಿಸಲು ಮರೆಯಬೇಡಿ. ಐದು ಮೆಟ್ಟಿಲಿನ ಮಾಪನಿಯಲ್ಲಿ 6ರಿಂದ ಕಳೆದರೆ ಆಯಿತು: 5 ಇದ್ದದ್ದು 1, 4 ಇದ್ದದ್ದು 2. ಇಷ್ಟು ಸಣ್ಣದನ್ನು ಮರೆತು ಇಡೀ ಪ್ರಬಂಧವನ್ನೇ ತಲೆಕೆಳಗು ಮಾಡಿಕೊಳ್ಳುವುದುಂಟು. ಸರಾಸರಿಯೊಂದನ್ನೇ ನಂಬಿ ಕೂರಬೇಡಿ. 40 ಜನರ ತರಗತಿಯಲ್ಲಿ 20 ಮಂದಿ 5 ಹಾಕಿ, 20 ಮಂದಿ 1 ಹಾಕಿದರೂ ಸರಾಸರಿ 3. ನಲವತ್ತೂ ಮಂದಿ 3 ಹಾಕಿದರೂ ಸರಾಸರಿ 3. ಮೊದಲನೆಯದು ಎರಡು ಹೋಳಾದ ತರಗತಿ, ಎರಡನೆಯದು ಯಾವುದಕ್ಕೂ ಮನಸ್ಸು ಕೊಡದ ತರಗತಿ. ಎರಡಕ್ಕೂ ಒಂದೇ ಔಷಧಿ ಕೊಡುತ್ತೀರಾ? ಯಾವ ಮೆಟ್ಟಿಲಿನಲ್ಲಿ ಎಷ್ಟು ಜನ ನಿಂತಿದ್ದಾರೆ ಅಂತ ಬಿಡಿಬಿಡಿಯಾಗಿ ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರು ಎಲ್ಲಿ, ಇಂಗ್ಲಿಷ್ ಮಾಧ್ಯಮದವರು ಎಲ್ಲಿ, ಹುಡುಗಿಯರು ಎಲ್ಲಿ ಅಂತ ನೋಡಿ.

ವಿಶ್ವಾಸಾರ್ಹತೆಗೆ ‘ಕ್ರೋನ್‌ಬ್ಯಾಕ್ ಆಲ್ಫಾ 0.7 ದಾಟಿದೆ’ ಅಂತ ಒಂದು ಸಾಲು ಬರೆದು ನಿಟ್ಟುಸಿರು ಬಿಡುವವರು ಬಹಳ. 1951ರಿಂದ ಬಳಕೆಯಲ್ಲಿರುವ ಆ ಅಳತೆ ಕೆಟ್ಟದ್ದಲ್ಲ, ಆದರೆ ಒಂದೇ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ತಿರುಚಿ ಕೇಳಿದರೂ ಅದು ಏರುತ್ತದೆ. ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆ ಅಂದರೆ ನೀವು ಅಳೆಯಬೇಕಾದ್ದನ್ನೇ ಅಳೆದಿರಿ ಅಂತ ಅರ್ಥವಲ್ಲ. ಅದಕ್ಕೆ ಮತ್ತೆ ಮಕ್ಕಳ ಜೊತೆಯೇ ಕೂತು ಮಾತಾಡಬೇಕು.

ಮತ್ತೊಂದು ಆತುರ ಮಾಡಬೇಡಿ. ಮನಸ್ಸು ಸರಿಹೋದರೆ ಅಂಕ ತಾನಾಗಿ ಏರುತ್ತದೆ ಅಂತ ಭಾಷಣ ಬಿಗಿಯಬೇಡಿ. ಮಾ ಮತ್ತು ಕಿಶೋರ್ ಎಂಬ ಸಂಶೋಧಕರು 1997ರಲ್ಲಿ 113 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಗಣಿತದ ಮನೋಭಾವಕ್ಕೂ ಸಾಧನೆಗೂ ಕಂಡ ಸಂಬಂಧ ಸರಾಸರಿ 0.12 ಅಷ್ಟೇ. ಸಣ್ಣದು. ಇಷ್ಟದಿಂದ ಅಂಕ ಬರುತ್ತದೋ ಅಂಕದಿಂದ ಇಷ್ಟ ಹುಟ್ಟುತ್ತದೋ ಅನ್ನುವುದನ್ನು ಒಂದೇ ದಿನ ತುಂಬಿಸಿದ ಫಾರಂ ಹೇಳಲಾರದು. ಸೆಮಿಸ್ಟರಿನ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕೇಳಿದರೆ ಮನಸ್ಸು ಯಾವ ಕಡೆ ಹೊರಳಿತು ಅಂತಲಾದರೂ ತಿಳಿದೀತು. ಎರಡೂ ಸಲದ ಹಾಳೆಗಳನ್ನು ಜೋಡಿಸಲು ಹೆಸರೇ ಬೇಕಿಲ್ಲ. ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಕು ಸೇರಿಸಿ ಮಕ್ಕಳೇ ಒಂದು ಗುರುತು ಬರೆದುಕೊಳ್ಳಲಿ. ಅದನ್ನು ಒಡೆದು ಯಾರದೆಂದು ಹುಡುಕಹೋಗುವ ಕುತೂಹಲ ನಿಮಗೆ ಬೇಡ.

ಪ್ರಾಥಮಿಕ ಶಾಲೆಗಳಲ್ಲಿ ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನ ನಾಲ್ಕು, ಐದನೇ ತರಗತಿಗೆ ಕಿಟ್ ಕೊಟ್ಟು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ನಡೆಸಿದ್ದು ನಿಮಗೆ ಗೊತ್ತಿರಬಹುದು. ಅಪ್ಪ ಅಮ್ಮಂದಿರು, ಪಂಚಾಯಿತಿಯವರು ಬಂದು ನಿಂತು ನೋಡುವ ಆ ಸ್ಪರ್ಧೆಯಲ್ಲಿ ಕೂತಿದ್ದ ಮಕ್ಕಳು ಇವತ್ತು ನಿಮ್ಮ ಪದವಿ ತರಗತಿಯಲ್ಲೂ ಇರಬಹುದು. ಆಗ ಇದ್ದ ಉಮೇದು ಎಲ್ಲಿ ಸೋರಿಹೋಯಿತು ಅಂತ ಕೇಳಲು ಒಂದು ಖಾಲಿ ಜಾಗ ಬಿಡಿ: ‘ಲೆಕ್ಕ ಇಷ್ಟವಾಗಿದ್ದು ಯಾವಾಗ, ಕಷ್ಟವಾಗಿದ್ದು ಯಾವಾಗ? ನಾಲ್ಕು ಸಾಲು ಬರೆಯಿರಿ, ಯಾವ ಭಾಷೆಯಲ್ಲಾದರೂ.’ ಅಂಕಿಗಳಿಗಿಂತ ಆ ನಾಲ್ಕು ಸಾಲು ನಿಮಗೆ ಹೆಚ್ಚು ಕಲಿಸುತ್ತವೆ. ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ನು ತೆಗೆಯಬೇಡಿ.

ಕೇಳಿದ ಮೇಲೆ ಸುಮ್ಮನಿರುವುದು ದೊಡ್ಡ ತಪ್ಪು. ಹಾಳೆ ತುಂಬಿಸಿಕೊಂಡು, ಪದವಿ ಪಡೆದು, ಪ್ರಬಂಧವನ್ನು ಕಪಾಟಿಗೆ ಸೇರಿಸಿ ಮಾಯವಾಗುವವರನ್ನು ಮಕ್ಕಳು ಮರೆಯುವುದಿಲ್ಲ. ಮುಂದಿನ ಸಲ ಬಂದವರಿಗೆ ಕಣ್ಣು ಮುಚ್ಚಿ ಟಿಕ್ ಹಾಕಿ ಕಳಿಸುತ್ತಾರೆ. ತಿಂಗಳೊಳಗೆ ಅದೇ ತರಗತಿಗೆ ಹೋಗಿ ‘ನೀವು ಹೇಳಿದ್ದು ಇದು’ ಅಂತ ತಿಳಿಸಿ. ಯಾರ ಅಂಕ ಕಡಿಮೆ ಬಂತೋ ಅವರನ್ನು ‘ಮನೋಭಾವ ಸರಿಯಿಲ್ಲದವರು’ ಅಂತ ಬೇರೆ ಸಾಲಿನಲ್ಲಿ ಕೂರಿಸುವ ಕೆಲಸಕ್ಕೆ ಮಾತ್ರ ಯಾವತ್ತೂ ಇದನ್ನು ಬಳಸಬೇಡಿ. ಸೀಟು ಕೊಡಲು, ಬಿಡಲು ಈ ಮಾಪನಿ ಹುಟ್ಟಿದ್ದಲ್ಲ.

ಮಾಡುವುದಕ್ಕೆ ದೊಡ್ಡ ಅನುದಾನವೂ ಬೇಕಿಲ್ಲ. ಅಮೆರಿಕದಲ್ಲಿ ವಾಲ್ಟನ್ ಮತ್ತು ಕೋಹೆನ್ ಮೊದಲ ವರ್ಷದ ಮಕ್ಕಳಿಗೆ ಸುಮಾರು ಒಂದು ಗಂಟೆಯ ಒಂದು ಚಟುವಟಿಕೆ ಮಾಡಿಸಿದರು. ‘ನಾನು ಇಲ್ಲಿಗೆ ಸಲ್ಲುವವನಲ್ಲವೇನೋ’ ಎಂಬ ಅಳುಕು ಎಲ್ಲರಿಗೂ ಬರುತ್ತದೆ, ದಿನ ಕಳೆದಂತೆ ಹೋಗುತ್ತದೆ ಅಂತ ಹಿರಿಯ ವಿದ್ಯಾರ್ಥಿಗಳ ಮಾತಿನಲ್ಲೇ ಓದಿಸಿ, ಅದರ ಬಗ್ಗೆ ಬರೆಸಿದರು. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕಪ್ಪು ಜನಾಂಗದ ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರಿದವು. ಅಲ್ಲಿ ಆದದ್ದು ಇಲ್ಲೂ ಹಾಗೇ ಆಗುತ್ತದೆ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಆದರೆ ಉಬ್ರಾಣಿ ಕಡೆಯಿಂದಲೇ ಬಂದು ಗಣಿತ ಓದಿ ಮುಂದೆ ಹೋದ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿ, ಪಿಯುಸಿ ಮೊದಲ ತಿಂಗಳು ಅವಳು ಎಷ್ಟು ಅತ್ತಳು ಅಂತ ಅವಳ ಬಾಯಲ್ಲೇ ಹೇಳಿಸಲು ಬಸ್ ಚಾರ್ಜು, ಒಂದು ಟೀ ಖರ್ಚು ಬಿಟ್ಟರೆ ಏನು ತಗಲುತ್ತದೆ? ಕನ್ನಡ–ಇಂಗ್ಲಿಷ್ ಎರಡರಲ್ಲೂ ಗಣಿತದ ಪದಗಳನ್ನು ಬರೆದ ಒಂದು ಹಾಳೆಯನ್ನು ಮೊದಲ ದಿನವೇ ಕೈಗೆ ಕೊಡಿ. ಫಸ್ಟ್ ಪೀರಿಯಡ್ಡಿಗೆ ಬಸ್ಸು ತಪ್ಪುವವರು ಹೆಚ್ಚಿದ್ದಾರೆ ಅಂತ ಫಾರಂ ಹೇಳಿದರೆ ಗಣಿತವನ್ನು ಮೂರನೇ ಪೀರಿಯಡ್ಡಿಗೆ ಹಾಕಿಸಿ. ಟೈಮ್ ಟೇಬಲ್ ಬದಲಿಸಿದರೆ ಆಕಾಶ ಬೀಳುವುದಿಲ್ಲ, ಪ್ರಾಂಶುಪಾಲರ ಹತ್ತಿರ ಧೈರ್ಯವಾಗಿ ಕೇಳಿ.

ಬರುವ ಸೆಮಿಸ್ಟರಿನ ಎರಡನೇ ವಾರದಲ್ಲಿ ಮೊದಲ ಸುತ್ತು ಮಾಡಿ. ಹೇಳಿಕೆಗಳನ್ನು ಈಗಲೇ ಬರೆಯಲು ಕೂರಿ, ನಾಳೆ ಐದಾರು ಮಕ್ಕಳಿಗೆ ಓದಲು ಕೊಡಿ. ಫಲಿತಾಂಶವನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ, ಯಾರ ಹೆಸರೂ ಇಲ್ಲದೆ ನೋಟಿಸ್ ಬೋರ್ಡಿಗೆ ಹಾಕಿ, ಅದರ ಕೆಳಗೆ ನೀವು ಏನು ಬದಲಿಸಲಿದ್ದೀರಿ ಅಂತ ಬರೆದು ಸಹಿ ಮಾಡಿ.